ತಂತಿಯ ಕೆಳತುದಿಯ ದೊನ್ ದಿಂಬು

ದಿನಕ್ಕೆ ತೊಂಬತ್ತು ಜನ ತಬ್ಬಿಕೊಳ್ಳುವ ಮನುಷ್ಯನನ್ನು ಒಂಟಿ ಎಂದರೆ ಕೇಳಿದವರು ನಗುತ್ತಾರೆ. ಎಲಾದಿಯೋ ಬದಿಯಾ ತಾನೂ ನಗುತ್ತಿದ್ದ. ಆದರೆ ಆ ತೊಂಬತ್ತರಲ್ಲಿ ಒಂದು ಅಪ್ಪುಗೆಯೂ ಎಂಟು ಸೆಕೆಂಡು ದಾಟಿದ್ದಿಲ್ಲ. ತಬ್ಬಿದವರೆಲ್ಲ ತಬ್ಬಿದ್ದೂ ಪ್ರೀತಿಯಿಂದಲ್ಲ, ಜೀವಭಯದಿಂದ.

ಅವನ ಕೆಲಸವೇ ಅಂಥದ್ದು. ಕೋಸ್ತಾರೀಕಾದ ನಮ್ಮ ಸಾಂತಾ ರೀತಾದಲ್ಲಿ, ಬೆಟ್ಟದ ಅಂಚಿಗೆ ಒಂದು ಹಳೆಯ ಮರ, ಮರದ ನಡುವಿಗೆ ಹಲಗೆಯ ಅಟ್ಟಣೆ. ಎದುರಿಗೆ ಆಳದ ಕಣಿವೆ. ಕಣಿವೆಯ ಆಚೆ, ಇನ್ನೂ ಎತ್ತರದಲ್ಲಿ, ಪಲ್ಮಿರಾ ಊರಿನ ಅಟ್ಟಣೆ. ಎರಡರ ನಡುವೆ ಏಳುನೂರು ಮೀಟರು ಉದ್ದದ ಉಕ್ಕಿನ ತಂತಿ. ರಜೆಗೆಂದು ಬಂದ ಪ್ರವಾಸಿಗರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ರಾಟೆಗೆ ಜೋತುಬಿದ್ದು, ತಮಗೆ ಗೊತ್ತಿರುವ ದೇವರುಗಳನ್ನೆಲ್ಲ ಕೂಗುತ್ತಾ ಆ ತುದಿಯಿಂದ ಈ ತುದಿಗೆ ಹಾರಿ ಬರುತ್ತಾರೆ. ಈ ತುದಿಯಲ್ಲಿ ಅವರನ್ನು ಹಿಡಿದು ನಿಲ್ಲಿಸುವವನು ಎಲಾದಿಯೋ. ಅವರ ವೇಗದಲ್ಲಿ ಅರ್ಧವನ್ನು ಹಗ್ಗದ ಬ್ರೇಕು ನುಂಗುತ್ತಿತ್ತು, ಉಳಿದರ್ಧವನ್ನು ಅವನ ಎದೆ ನುಂಗುತ್ತಿತ್ತು. ಬಲಗಡೆಯ ಪಕ್ಕೆಲುಬು ಮುರಿದವನು ಕೆನಡಾದ ಹಲ್ಲಿನ ಡಾಕ್ಟರು. ಎಡಗಡೆಯದು ಟೆಕ್ಸಸ್ಸಿನ ಒಬ್ಬ ಮದುಮಗಳ ಕೊಡುಗೆ. ನಮ್ಮ ಕಡೆ ಅಡ್ಡಹೆಸರಿಲ್ಲದವನಿಗೆ ಸ್ವಂತ ಹೆಸರೂ ಇಲ್ಲ ಎಂದೇ ಅರ್ಥ. ಎಲಾದಿಯೋಗೆ ಬಿದ್ದ ಹೆಸರು ದಿಂಬು. ಐವತ್ತು ದಾಟಿದ ಮೇಲೆ ಮರ್ಯಾದೆಗೆಂದು ಅದರ ಮುಂದೆ ಒಂದು ದೊನ್ ಸೇರಿಸಿದರು.

ಅವನಿಗೆ ಮದುವೆಯಾಗಿರಲಿಲ್ಲ. ಯಾರ ತಪ್ಪೂ ಅಲ್ಲ, ಹಸುಗಳದ್ದು. ಬೆಟ್ಟಕ್ಕೆ ತಂತಿ ಬರುವ ಮೊದಲು ಅವನು ಹಾಲು ಕರೆಯುವ ಕೆಲಸದಲ್ಲಿದ್ದ. ಬೆಳಗಿನ ಜಾವ ಮೂರಕ್ಕೆ ಏಳಬೇಕಾದವನು ಸಂಜೆ ಏಳಕ್ಕೆ ಮಲಗಬೇಕು. ಊರಿನ ಹುಡುಗಿಯರು ಕುಣಿತಕ್ಕೆ ಹೊರಡುತ್ತಿದ್ದುದು ಎಂಟಕ್ಕೆ. ಹೀಗೆ ಒಂದು ಗಂಟೆಯ ಅಂತರದಲ್ಲಿ ಅವನ ಯೌವನ ಕಳೆದುಹೋಯಿತು. ಆಮೇಲೆ ಹಸುಗಳೂ ಹೋದವು. ಮನೆಯಲ್ಲಿ ಒಂದು ತಟ್ಟೆ, ಎರಡು ಲೋಟ. ಎರಡನೆಯದು ಯಾಕೆ ಎಂದು ಕೇಳಿದರೆ, "ಒಂದು ಒಡೆದ್ರೆ ಇರ್ಲಿ ಅಂತ" ಎನ್ನುತ್ತಿದ್ದ. ಒಂಬತ್ತು ವರ್ಷವಾದರೂ ಮೊದಲನೆಯದು ಒಡೆದಿರಲಿಲ್ಲ.

ಒಂಬತ್ತು ವರ್ಷವೆಂದರೆ ಅವನು ನೂಬಿಯಾಳ ಜೊತೆ ಕೆಲಸ ಮಾಡಿದ ಕಾಲ. ಜೊತೆ ಎಂದರೆ ಏಳುನೂರು ಮೀಟರಿನ ಜೊತೆ. ಆಚೆಯ ಅಟ್ಟಣೆಯಿಂದ ಜನರನ್ನು ತಂತಿಗೆ ಬಿಡುವವಳು ಅವಳು. ಗಂಡ ತೀರಿಕೊಂಡ, ಐವತ್ತರ ಹೆಂಗಸು. ಹಾರಲು ಹೆದರಿ ನಿಂತವರನ್ನು ಒಳ್ಳೆಯ ಮಾತು ಹೇಳುತ್ತಲೇ ಮೊಣಕಾಲಿನಿಂದ ತಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಲಾದಿಯೋಗೆ ಅವಳು ಕಾಣುತ್ತಿದ್ದುದು ಹಸಿರಿನ ನಡುವೆ ಒಂದು ಕೆಂಪು ಚುಕ್ಕೆಯಾಗಿ. ಚುಕ್ಕೆ ಅವಳ ಹೆಲ್ಮೆಟ್ಟು. ಸಂಜೆ ಅವಳು ಆಚೆ ಇಳಿದು ಪಲ್ಮಿರಾಕ್ಕೆ ನಡೆಯುತ್ತಿದ್ದಳು, ಅವನು ಈಚೆ ಇಳಿದು ಸಾಂತಾ ರೀತಾಕ್ಕೆ. ಎರಡೂರಿನ ನಡುವೆ ಮಣ್ಣಿನ ದಾರಿಯಲ್ಲಿ ಒಂದು ಗಂಟೆಗೂ ಮೇಲೆ.

ಕೆಲಸದವರೆಲ್ಲರ ಸೊಂಟದಲ್ಲೂ ಮಾತಾಡುವ ರೇಡಿಯೋ ಇತ್ತು. ಆದರೆ ರೇಡಿಯೋದಲ್ಲಿ ಒಬ್ಬ ಕೆಮ್ಮಿದರೆ ಹನ್ನೊಂದು ಕಡೆಯಿಂದ "ಶುಂಠಿ ಕಷಾಯ ಕುಡೀರಿ" ಎಂದು ಬರುತ್ತಿತ್ತು. ಅದಕ್ಕೇ ಅವರಿಬ್ಬರೂ ಹಳೆಯವರ ಪದ್ಧತಿ ಬಿಟ್ಟಿರಲಿಲ್ಲ: ಕಬ್ಬಿಣದ ಕೊಂಡಿಯಿಂದ ತಂತಿಯನ್ನು ಬಡಿಯುವುದು. ಆ ತುದಿಯಲ್ಲಿ ಬಡಿದರೆ ಈ ತುದಿಯಲ್ಲಿ ಅಂಗೈಗೆ ತಿಳಿಯುತ್ತದೆ. ಮೂರು ಬಡಿತವೆಂದರೆ "ಒಬ್ಬರು ಬರ್ತಿದ್ದಾರೆ". ಅದಕ್ಕೆ ಉತ್ತರ ಎರಡು, "ಕಾಯ್ತಿದ್ದೀನಿ, ಕಳಿಸಿ". ಒಂದೇ ಬಡಿತ, "ತಡೀರಿ", ಗಾಳಿಯೋ ಮಳೆಯೋ ಇದ್ದಾಗ; ಒಂದಕ್ಕೆ ಒಂದೇ ಉತ್ತರ. ನಾಲ್ಕು ಬಡಿದರೆ ದಿನದ ಕೆಲಸ ಮುಗಿಯಿತು. ಎರಡರ ಉತ್ತರ ಬಾರದೆ ಯಾರನ್ನೂ ಬಿಡಕೂಡದು ಎಂಬುದು ತಂತಿಯವರ ಮೊದಲನೆಯ ನಿಯಮ.

ನೂಬಿಯಾಳ ಮೂರು ಬಡಿತದಲ್ಲಿ ಮೊದಲ ಎರಡು ಬೇಗ ಬರುತ್ತಿದ್ದವು, ಮೂರನೆಯದು ಸ್ವಲ್ಪ ತಡೆದು, ಮರೆತದ್ದನ್ನು ನೆನೆಸಿಕೊಂಡ ಹಾಗೆ. ಆ ತಡೆಯುವಿಕೆಗಾಗಿ ಎಲಾದಿಯೋ ದಿನಕ್ಕೆ ತೊಂಬತ್ತು ಸಲ ಕಾಯುತ್ತಿದ್ದ.

ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿನ ಊಟಕ್ಕೆ, ಯಜಮಾನರು ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುತ್ತಿದ್ದರು. ಹೋದ ವರ್ಷ ಹೇಗೋ ಅವನ ಪಕ್ಕದ ಕುರ್ಚಿಯೇ ಅವಳಿಗೆ ಸಿಕ್ಕಿತು. ಬಾಳೆಲೆ ಬಿಚ್ಚಿ, ಒಳಗೆ ಬೆಂದ ಜೋಳದ ಹಿಟ್ಟಿನ ತಮಾಲೆಯನ್ನು ಎರಡು ತುತ್ತು ತಿಂದು, ಧೈರ್ಯ ಮಾಡಿ ಅವನು ಬಾಯಿಬಿಟ್ಟ.

"ತಮಾಲೆ ಚೆನ್ನಾಗಿದೆ."

"ಉಪ್ಪು ಕಮ್ಮಿ," ಎಂದಳು ನೂಬಿಯಾ.

"ಹೌದು ಹೌದು, ಕಮ್ಮಿ."

"ಈಗ ತಾನೆ ಚೆನ್ನಾಗಿದೆ ಅಂದ್ರಲ್ಲ, ದೊನ್ ಎಲಾದಿಯೋ?"

"ಅಲ್ಲ, ಉಪ್ಪು ಕಮ್ಮಿಯಾದ್ರೂ ಚೆನ್ನಾಗಿದೆ ಅಂತ."

"ತಂತಿ ಮೇಲೆ ನೀವು ಇಷ್ಟೊಂದು ಮಾತಾಡೋದಿಲ್ಲಪ್ಪ," ಎಂದು ಅವಳು ನಕ್ಕಳು. ಅವನಿಗೆ ಗಂಟಲಲ್ಲಿ ತಮಾಲೆ ನಿಂತಿತು. ಅದು ಕೆಳಗಿಳಿಯುವಷ್ಟರಲ್ಲಿ ಯಾರೋ ಅವಳನ್ನು ಕುಣಿಯಲು ಕರೆದುಕೊಂಡು ಹೋಗಿದ್ದರು. ಮತ್ತೆ ಹನ್ನೆರಡು ತಿಂಗಳು.

ಈ ಮಧ್ಯೆ ಮೆಕ್ಸಿಕೋದ ಒಬ್ಬ ಅಜ್ಜಿ ಹಾರಿ ಬಂದು ಅವನ ಎದೆಗೆ ಬಿದ್ದರು. ಉಸಿರು ತಿರುಗಿದ ಮೇಲೆ ಅವನ ಮುಖವನ್ನೇ ನೋಡಿ, "ಓ, ನೀನೇನಾ ಅವನು?" ಎಂದರು.

"ಯಾವನು, ತಾಯಿ?"

"ಮೇಲಿರೋ ಆ ಹೆಂಗಸು ಹೇಳಿದ್ಲಪ್ಪ. ಹೆದರ್ಕೋಬೇಡಿ, ಆ ಕಡೆ ಒಬ್ರಿದ್ದಾರೆ, ಇವತ್ತಿನವರೆಗೂ ಯಾರನ್ನೂ ಕೈಬಿಟ್ಟವರಲ್ಲ ಅಂತ. ಎಲ್ರಿಗೂ ಹಾಗೇ ಹೇಳಿ ತಳ್ತಾಳೆ."

ಬರುವವರಲ್ಲಿ ಹೆಚ್ಚಿನವರ ಭಾಷೆ ಇಂಗ್ಲಿಷು, ಇವರಿಬ್ಬರದು ಬರೀ ಸ್ಪ್ಯಾನಿಷ್. ಅವರಿಗೆ ಅವಳು ಹೇಳಿದ್ದು ತಿಳಿಯುತ್ತಿರಲಿಲ್ಲ, ಇವನಿಗೆ ಅವರು ಹೇಳುವುದು ತಿಳಿಯುತ್ತಿರಲಿಲ್ಲ. ಅಷ್ಟು ವರ್ಷ ಅವಳ ಆ ಮಾತು ಸಾವಿರಾರು ಜನರ ಕಿವಿಯಲ್ಲಿ ಕೂತು ಕಣಿವೆ ದಾಟಿ ಅವನನ್ನು ಮುಟ್ಟದೆ ಹೋಗಿತ್ತು. ಎಲಾದಿಯೋ ಆ ರಾತ್ರಿ ಎರಡನೆಯ ಲೋಟವನ್ನು ತೊಳೆದಿಟ್ಟ.

ಆಗಲೇ ಯಜಮಾನರಿಗೆ ಹೊಸ ಯೋಚನೆ ಬಂತು. ನಮ್ಮಲ್ಲಿ ಅಲ್ಲಿಯವರೆಗೆ ಎರಡು ಜಾತಿ: ನಾಲ್ಕು ಗಾಲಿಯ ದಪ್ಪ ಬೈಕುಗಳಲ್ಲಿ ಪ್ರವಾಸಿಗರನ್ನು ಕೆಸರು ಮೆತ್ತಿಸಿ ತರುವ ಧೂಳಿನವರು, ಮತ್ತು ತಂತಿಯ ಮೇಲೆ ಹಾರಿಸುವ ಮರದವರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇನ್ನು ಮುಂದೆ ಎರಡೂ ಒಂದೇ ಚೀಟಿಯಲ್ಲಿ: ಪಲ್ಮಿರಾ ಕಡೆಯಿಂದ ಬೈಕಿನಲ್ಲಿ ಹತ್ತುವುದು, ತಂತಿಯಲ್ಲಿ ಹಾರುವುದು, ಸಾಂತಾ ರೀತಾದಲ್ಲಿ ಮತ್ತೆ ಬೈಕು ಹತ್ತಿ ಹೊಳೆ ದಾಟಿ ಮರಳುವುದು. ತಂತಿಯ ಕೆಳತುದಿಗೆ ಸ್ಪ್ರಿಂಗಿನ ಬ್ರೇಕು ಬರುತ್ತದೆ, ಎರಡೂ ತುದಿಗೆ ಹಸಿರು ಕೆಂಪು ದೀಪ ಬರುತ್ತದೆ. ಎದೆಯೂ ಬೇಡ, ಬಡಿತವೂ ಬೇಡ. ದೊನ್ ದಿಂಬು ಸೋಮವಾರದಿಂದ ಬೈಕುಗಳ ಸಾಲಿನ ಕೊನೆಯಲ್ಲಿ, ಎಲ್ಲರ ಧೂಳು ತಿನ್ನುತ್ತಾ ಬರುವ ಬಾಲದ ಸವಾರ.

ಬೈಕು ಕಲಿಸುವ ಭಾರ ಧೂಳಿನವರ ನಾಯಕ ವಿಲ್ಬೆರ್‌ನ ಮೇಲೆ ಬಿತ್ತು. ಒಂದು ವಾರದಲ್ಲಿ ಎಲಾದಿಯೋ ಮೂರು ಸಲ ಚರಂಡಿ ಸೇರಿದ.

"ದೊನ್ ದಿಂಬು, ಮರದ ಮೇಲೆ ನೂರು ಮೀಟರು ಎತ್ತರದಲ್ಲಿ ನಿಂತ್ಕೋತೀರ, ಇಲ್ಲಿ ಒಂದಡಿ ಎತ್ತರಕ್ಕೆ ಯಾಕ್ರೀ ನಡುಗ್ತೀರ?" ಎಂದು ವಿಲ್ಬೆರ್ ಕೇಳಿದ.

"ಮರ ಓಡಲ್ಲ ಕಣಪ್ಪ," ಎಂದ ಎಲಾದಿಯೋ, ಚರಂಡಿಯೊಳಗಿಂದಲೇ.

ಶನಿವಾರ ಕೊನೆಯ ದಿನ. ಮಧ್ಯಾಹ್ನ ಸಾನ್ ಹೋಸೆಯಿಂದ ಬಂದ ಮೆಕ್ಯಾನಿಕ್ಕು ಸ್ಪ್ರಿಂಗು ಜೋಡಿಸಿ, ಪರೀಕ್ಷೆಗೆಂದು ಮೇಲಿನಿಂದ ಒಂದು ಮರಳಿನ ಚೀಲ ಬಿಡಿಸಿದ. ಚೀಲ ಸುಯ್ಯೆಂದು ಬಂತು, ಸ್ಪ್ರಿಂಗು ಅದನ್ನು ಮೆತ್ತಗೆ ಹಿಡಿದು ನಿಲ್ಲಿಸಿತು. ಮೆಕ್ಯಾನಿಕ್ಕು ಚೀಲದ ಬೆನ್ನು ತಟ್ಟಿದ. ಒಂಬತ್ತು ವರ್ಷದಲ್ಲಿ ಎಲಾದಿಯೋನ ಬೆನ್ನನ್ನು ಯಾರೂ ತಟ್ಟಿರಲಿಲ್ಲ.

ಮೂರೂವರೆಗೆ ಕೊನೆಯ ಪ್ರವಾಸಿ ಇಳಿದುಹೋದ. ಆಚೆಯಿಂದ ನಾಲ್ಕು ಬಡಿತ ಬಂದವು. ಎಲಾದಿಯೋ ನಾಲ್ಕು ಬಡಿದ. ಅಂಗೈಯನ್ನು ತಂತಿಯ ಮೇಲೆ ಒಂದು ಗಳಿಗೆ ಹಾಗೇ ಇಟ್ಟುಕೊಂಡಿದ್ದ. ಏನೂ ಬರಲಿಲ್ಲ. ಬರುವುದಾದರೂ ಏನು? ಭಾನುವಾರ ನಮ್ಮನೆಗೆ ಕಾಫಿಗೆ ಬರ್ತೀರಾ ಎಂಬುದಕ್ಕೆ ಎಷ್ಟು ಬಡಿತ ಎಂದು ಹಳೆಯವರು ಹೇಳಿಕೊಟ್ಟಿರಲಿಲ್ಲ.

ಅದನ್ನು ಬಾಯಲ್ಲೇ ಕೇಳಬೇಕು, ಇವತ್ತೇ ಕೇಳಬೇಕು. ಸೋಮವಾರದಿಂದ ತಂತಿಯ ಈ ತುದಿಯಲ್ಲಿ ಅವನಿಲ್ಲ. ಫೋನು ಮಾಡಬಹುದಿತ್ತು, ಆದರೆ ಕಣಿವೆಯಲ್ಲಿ ಸಿಗ್ನಲ್ಲಿಲ್ಲ. ಮನೆಗೆ ಹೋಗಿ ಮಾಡೋಣವೆಂದರೆ ತನ್ನನ್ನು ತಾನು ಬಲ್ಲ ಮನುಷ್ಯ, ಮತ್ತೆ ತಮಾಲೆಯ ಉಪ್ಪಿಗೇ ಬಂದು ನಿಲ್ಲುತ್ತಾನೆ. ತಂತಿಯಲ್ಲಿ ಹೋಗುವಂತಿಲ್ಲ, ಅದು ಅವಳಿಂದ ಅವನ ಕಡೆಗೇ ಇಳಿಜಾರು. ಹಾಳು ಭೂಮಿಯ ಸೆಳೆತಕ್ಕೂ ಒಂದೇ ದಿಕ್ಕು ಗೊತ್ತು. ನೂಬಿಯಾ ಸಾಮಾನು ಜೋಡಿಸಿ ಅಟ್ಟಣೆ ಇಳಿಯುವಷ್ಟರಲ್ಲಿ ಐದು ಹೊಡೆಯುತ್ತದೆ. ಅವನು ಸೊಂಟದ ಪಟ್ಟಿ, ರಾಟೆ, ಹೆಲ್ಮೆಟ್ಟು ಎಲ್ಲವನ್ನೂ ಮೊಳೆಗೆ ನೇತುಹಾಕಿ, ರೇಡಿಯೋ ಪೆಟ್ಟಿಗೆಗೆ ಹಾಕಿ, ಬೈಕುಗಳ ಹತ್ತಿರ ಓಡಲಾರದೆ ಬೇಗಬೇಗ ನಡೆದ.

"ವಿಲ್ಬೆರ್, ಒಂದು ಬೀಗದ ಕೈ ಕೊಡಪ್ಪ. ಅಭ್ಯಾಸ ಮಾಡ್ಬೇಕು."

ವಿಲ್ಬೆರ್ ಅವನ ಕೈಯಲ್ಲಿದ್ದ ಪೊಟ್ಟಣ ನೋಡಿದ. ಮೆಕ್ಕೆಜೋಳದ ಬಿಸ್ಕತ್ತು.

"ಅಭ್ಯಾಸಕ್ಕೆ ಬಿಸ್ಕತ್ತು ಯಾಕೆ? ಬೈಕಿಗೆ ತಿನ್ನಿಸ್ತೀರಾ?"

"ಹಸಿವಾದ್ರೆ ಇರ್ಲಿ ಅಂತ."

"ಹಸಿವು ಪಲ್ಮಿರಾ ಕಡೆಯದೇ ಇರ್ಬೇಕು," ಎಂದು ಅವನು ನಕ್ಕ. ಆಮೇಲೆ ಬೀಗದ ಕೈ ಎಸೆದು ಮೆತ್ತಗೆ ಹೇಳಿದ: "ಹೊಳೆಯಲ್ಲಿ ಬ್ರೇಕು ಮುಟ್ಬೇಡಿ, ದೊನ್ ಎಲಾದಿಯೋ. ನೇರ ಹೋಗ್ತಾ ಇರಿ."

ಹೊಳೆಯಲ್ಲಿ ಅವನು ಬ್ರೇಕು ಮುಟ್ಟಿದ. ಎದ್ದು, ಬೈಕನ್ನೂ ಎಬ್ಬಿಸಿ, ಒದ್ದೆ ಬಿಸ್ಕತ್ತನ್ನು ಅಂಗಿಯೊಳಗೆ ಸೇರಿಸಿಕೊಂಡು ಮುಂದೆ ಹೊರಟ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದ. ಕಾಫಿಗೆ ಬರ್ತೀರಾ? ಬೇಲಿಯಾಚೆಯ ಒಂದು ಹಸು ತಲೆಯೆತ್ತಿ ನೋಡಿತು. ಹಸುಗಳ ಮುಂದೆ ಅವನಿಗೆ ಯಾವತ್ತೂ ಸಂಕೋಚವಿರಲಿಲ್ಲ.

ಪಲ್ಮಿರಾದ ಅಟ್ಟಣೆ ಹತ್ತಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಅಲ್ಲಿ ಯಾರೂ ಇರಲಿಲ್ಲ.

ಮೂಲೆಯಲ್ಲಿ ಅವಳ ಕೈಚೀಲವಿತ್ತು. ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ಕೈಚೀಲ ಬಿಟ್ಟು ಮನೆಗೆ ಹೋಗುವ ಹೆಂಗಸಲ್ಲ, ಇಲ್ಲೇ ಎಲ್ಲೋ ಇರಬೇಕೆಂದು ಅವನು ಮರದ ಕೆಳಗೆ ನೋಡಿದ, ಕೂಗಿದ. ಬರೀ ಮಂಜು ಏರುತ್ತಿತ್ತು. ಆಮೇಲೆ ತಿರುಗಿ ಕಣಿವೆಯ ಕಡೆ ಕಣ್ಣು ಹಾಯಿಸಿದ. ಒಂಬತ್ತು ವರ್ಷ ತಾನು ನಿಂತ ಜಾಗವನ್ನು ಈ ತುದಿಯಿಂದ ಅವನು ನೋಡಿದ್ದು ಅದೇ ಮೊದಲು. ಅಟ್ಟಣೆ ಎಂದು ಗೊತ್ತಿದ್ದವರಿಗೆ ಮಾತ್ರ ಅಟ್ಟಣೆ. ಇಲ್ಲದಿದ್ದರೆ ಮರಕ್ಕೆ ಹತ್ತಿದ ಒಂದು ಕಜ್ಜಿ. ಅಲ್ಲೊಬ್ಬ ಮನುಷ್ಯನಿದ್ದಾನೆ, ಯಾರನ್ನೂ ಕೈಬಿಟ್ಟವನಲ್ಲ ಎಂದು ಇಲ್ಲಿ ನಿಂತು ದಿನಕ್ಕೆ ತೊಂಬತ್ತು ಸಲ ಹೇಳಬೇಕಾದರೆ ಎಷ್ಟು ನಂಬಿಕೆ ಬೇಕು ಎನ್ನಿಸಿತು.

ಆಗ ಆ ಕಜ್ಜಿಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು.

ಅವಳ ರಾಟೆ ನೇತುಹಾಕುವ ಮೊಳೆಯನ್ನು ನೋಡಿದ. ಖಾಲಿ. ಅಂಗೈಯನ್ನು ತಂತಿಯ ಮೇಲಿಟ್ಟ. ತಂತಿ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಡಿತ ಬಂತು. ಎರಡು. ಕಾಯ್ತಿದ್ದೀನಿ.

ಎಲಾದಿಯೋ ಹಲಗೆಯ ಮೇಲೆ ಕೂತುಬಿಟ್ಟ. ಅವಳು ಮೂರು ಬಡಿದಿರಬೇಕು, ಅವನು ಬೈಕಿನ ಕಡೆ ನಡೆಯುತ್ತಿದ್ದಾಗ. ಎರಡು ಮತ್ತು, ತಡೆದು, ಇನ್ನೊಂದು. ಉತ್ತರ ಬರಲಿಲ್ಲ. ಮೊದಲನೆಯ ನಿಯಮ ಮುರಿದು ಅವಳು ಹಾರಿಯೇಬಿಟ್ಟಿದ್ದಾಳೆ, ಆ ಕಡೆ ಅವನು ಇದ್ದೇ ಇರುತ್ತಾನೆಂದು. ಒಂಬತ್ತು ವರ್ಷ ಕಂಡಕಂಡವರನ್ನೆಲ್ಲ ಎದೆಯೊಡ್ಡಿ ಹಿಡಿದವನು ಒಬ್ಬರನ್ನು ಕೈಬಿಟ್ಟಿದ್ದ. ಅವಳನ್ನು ಹಿಡಿದದ್ದು, ಮರಳಿನ ಚೀಲವನ್ನು ಹಿಡಿದ ಆ ಸ್ಪ್ರಿಂಗು. ಅದರ ಮೇಲೆ ಎಲಾದಿಯೋಗೆ ಬಂದಷ್ಟು ಸಿಟ್ಟು ಮತ್ತು ಬಂದಷ್ಟು ಕೃತಜ್ಞತೆ ಅವನಿಗೆ ಯಾವ ಮನುಷ್ಯನ ಮೇಲೂ ಬಂದಿರಲಿಲ್ಲ.

ಹಾರಿಬಿಡೋಣವೆಂದರೆ ಅವನ ರಾಟೆ ಅವಳ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಮತ್ತೆ ಹೊಳೆ, ಮತ್ತೆ ಮಣ್ಣಿನ ದಾರಿ, ಒಂದು ಗಂಟೆಗೂ ಮೇಲೆ, ಅಷ್ಟರಲ್ಲಿ ಕತ್ತಲು. ಅಷ್ಟು ಹೊತ್ತು ಅವಳು ಅಲ್ಲಿ ಯಾಕಿರಬೇಕು? ಸಾಂತಾ ರೀತಾದಿಂದ ಪಲ್ಮಿರಾಕ್ಕೆ ಆರಕ್ಕೆ ಬಸ್ಸಿದೆ.

ಬೈಕಿನ ಬೀಗದ ಕೈಯಿಂದಲೇ ತಂತಿಗೆ ಒಂದು ಬಡಿತ ಬಡಿದ. ತಡೀರಿ.

ಏನೂ ಬರಲಿಲ್ಲ. ಖಾಲಿ ಅಟ್ಟಣೆಗೆಂದೇ ಸುಮ್ಮನೆ ಬಡಿದಿದ್ದವಳು, ಮೇಲಿನ ತುದಿಯಿಂದ ಬಡಿತ ಬಂದೀತೆಂದು ಎಣಿಸಿರಲಾರಳು; ಅಲ್ಲಿ ಇರಬೇಕಾದವಳು ಅವಳೇ ತಾನೆ. ಅವನು ಮಂಜಿನೊಳಗೆ ಕಣ್ಣು ಕೀಲಿಸಿ, ಅಂಗೈಯನ್ನು ಇನ್ನೂ ಒತ್ತಿ ಹಿಡಿದ. ತನ್ನ ರಕ್ತದ ಬಡಿತವೇ ಕೇಳಿಸುತ್ತಿತ್ತು, ಅದು ಲೆಕ್ಕಕ್ಕಿಲ್ಲ.

ಬಹಳ ಹೊತ್ತು ತಡೆದು, ಮರೆತದ್ದನ್ನು ನೆನೆಸಿಕೊಂಡ ಹಾಗೆ, ಒಂದು ಬಡಿತ ಬಂತು.

ಅವನು ಕೈಚೀಲವನ್ನು ಹೆಗಲಿಗೆ, ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಏಣಿ ಇಳಿದು ಬೈಕಿನ ಕಡೆ ಓಡಿದ. ಎಲಾದಿಯೋ ಬದಿಯಾ ಓಡಿದ್ದನ್ನು ಕಂಡವರು ಎರಡೂರಲ್ಲೂ ಯಾರೂ ಇಲ್ಲ. ಅವತ್ತೂ ಯಾರೂ ಕಾಣಲಿಲ್ಲ.