ಅಕ್ಕ ಅರ್ಧಕ್ಕೇ ಎದ್ದು ಬರುತ್ತಿದ್ದ ಸಿನಿಮಾ

ಆ ಸಿನಿಮಾಗೆ ಹೋಗೋಣ ಅಂತ ಕೇಳಿದ್ದು ಅಕ್ಕನೇ. ಮಗಳು ಹೋದಮೇಲೆ ಅವಳು ತಾನಾಗಿ ಎಲ್ಲಿಗೂ ಹೋಗೋಣ ಅಂದವಳಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಕರೆಯಲು ಬಂದವರಿಗೆ ಕಾಫಿ ಕೊಟ್ಟು, ಕುಂಕುಮ ಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿ ಬರುತ್ತಿದ್ದಳು. ಸಮಾರಂಭದ ದಿನ ಮಾತ್ರ ಮನೆಯಲ್ಲೇ ಇರುತ್ತಿದ್ದಳು. ಅಂಥವಳು, ನಾನು ಪಾಠ ಹೇಳುವ ಸ್ಕೂಲಿಗೆ ದಸರಾ ರಜೆ ಶುರುವಾದ ದಿನ ಕುರುಬರಹಳ್ಳಿಯ ಅವಳ ಮನೆಗೆ ಹೋದಾಗ, ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು:

"ರಾಜಾಜಿನಗರದ ಮಾಲಲ್ಲಿ ಒಂದು ಸಿನಿಮಾ ಹಾಕಿದಾರಂತೆ. ಕರ್ಕೊಂಡು ಹೋಗ್ತೀಯೇನೇ?"

ಯಾವುದು ಅಂದೆ. ಹೆಸರು ಹೇಳಿದಳು. ಅದರ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಅಪಘಾತದಲ್ಲಿ ಮಗು ಕಳೆದುಕೊಂಡ ತಾಯಿಯೊಬ್ಬಳು ಆಮೇಲೆ ಹೇಗೆ ಬದುಕುತ್ತಾಳೆ ಅನ್ನುವುದೇ ಅದರ ಕಥೆ. ದೊಡ್ಡ ನಟರು ಯಾರೂ ಇಲ್ಲದ ಸಣ್ಣ ಸಿನಿಮಾ, ದಿನಕ್ಕೆ ಬೆಳಗಿನ ಒಂದೇ ಆಟ.

"ಅದರ ಕಥೆ ಏನು ಅಂತ ಗೊತ್ತಾ ನಿಂಗೆ?"

"ಗೊತ್ತು. ಫೋನಲ್ಲಿ ಟ್ರೇಲರ್ ನೋಡ್ದೆ."

ಅಕ್ಕನಿಗೆ ಒಬ್ಬಳೇ ಮಗಳು, ನಾಲ್ಕನೇ ಕ್ಲಾಸಿನಲ್ಲಿದ್ದಳು. ವ್ಯಾನಿನಲ್ಲಿ ಕೂತರೆ ವಾಂತಿ ಬರುತ್ತದೆ ಅಂತ ಅಕ್ಕನೇ ಸ್ಕೂಟರಿನಲ್ಲಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದಳು. ಒಂದು ಮಳೆಗಾಲದ ಬೆಳಿಗ್ಗೆ ಲಗ್ಗೆರೆ ಕಡೆಯ ಇಳಿಜಾರಿನಲ್ಲಿ ಸ್ಕೂಟರ್ ಜಾರಿತು. ಅಕ್ಕ ಎಡಕ್ಕೆ ಬಿದ್ದಳು, ಮಗು ಬಲಕ್ಕೆ ಬಿತ್ತು. ಹಿಂದೆ ನೀರಿನ ಟ್ಯಾಂಕರ್ ಬರುತ್ತಿತ್ತು. "ನಿಮಗೆ ಮೊಣಕೈ ಮುರಿದಿದೆ, ಅಷ್ಟೇ ಅಮ್ಮ" ಅಂತ ಆಸ್ಪತ್ರೆಯಲ್ಲಿ ಡಾಕ್ಟರು ಧೈರ್ಯ ಹೇಳಲು ಅಂದರು. ಆ "ಅಷ್ಟೇ" ಅನ್ನುವ ಮಾತನ್ನು ಅಕ್ಕ ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಅವಳು ಯಾವ ಗಾಡಿಯನ್ನೂ ಹತ್ತಲಿಲ್ಲ. ಎಲ್ಲಿಗೇ ಆಗಲಿ ನಡೆದೇ ಹೋಗುತ್ತಾಳೆ. ನಾನಿರುವುದು ವಿಜಯನಗರದಲ್ಲಿ, ಅಷ್ಟು ದೂರವೂ ನಡೆದೇ ಬರುತ್ತಾಳೆ. ಅವರ ಬೀದಿಗೆ ಸಂಪು ತುಂಬಿಸಲು ಟ್ಯಾಂಕರ್ ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಾಳೆ. ಮನಸ್ಸಿನ ಡಾಕ್ಟರ ಹತ್ತಿರ ಸ್ವಲ್ಪ ದಿನ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟರು, ನಿದ್ದೆ ಬಂತು. ನಿದ್ದೆಯಲ್ಲೂ ಅದೇ ಬರುತ್ತದೆ ಅಂತ ಮಾತ್ರೆ ಬಿಟ್ಟಳು.

ಭಾವ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾರೆ. ಮೊದಲಿನಿಂದಲೂ ಮಾತು ಕಡಿಮೆ. ಮಗು ಹೋದಮೇಲೆ ಸ್ಕೂಟರನ್ನು ಯಾರಿಗೂ ಹೇಳದೆ ಮಾರಿದರು, ಮಗಳ ಮಾತನ್ನೂ ಅಲ್ಲಿಗೆ ನಿಲ್ಲಿಸಿದರು. ಅಕ್ಕನೂ ಎತ್ತಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು, ಪಕ್ಕದ ಪೋರ್ಷನ್ನಿನ ಬಾಡಿಗೆಯವರ ಹಾಗೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಭಾವ ಹೇಳುತ್ತಿರಲಿಲ್ಲ. ಅವರು ತಡವಾಗಿ ಬಂದರೆ ಯಾಕೆ ಅಂತ ಅಕ್ಕ ಕೇಳುತ್ತಿರಲಿಲ್ಲ.

ಸಿನಿಮಾ ವಿಷಯ ಭಾವನಿಗೆ ಹೇಳಿದೆ. "ಬೇಡ ಕಣಮ್ಮ" ಅಂದರು. ಆಮೇಲೆ ಅವರೇ, "ಅವಳಾಗಿ ಕೇಳಿದಾಳೆ. ಕರ್ಕೊಂಡು ಹೋಗು" ಅಂದರು.

ಮಾರನೇ ದಿನ ಇಬ್ಬರೂ ನಡೆದುಕೊಂಡೇ ಹೋದೆವು. ಅಕ್ಕ ಮಡಿಕೆ ಮುರಿಯದ ಸೀರೆ ಉಟ್ಟಿದ್ದಳು, ಮಲ್ಲಿಗೆ ಮುಡಿದಿದ್ದಳು. ಒಳಗೆ ಹತ್ತಿಪ್ಪತ್ತು ಜನ ಇದ್ದರೆ ಹೆಚ್ಚು. ಸಿನಿಮಾ ಶುರುವಾಯಿತು. ಒಂದು ಸಣ್ಣ ಮನೆ, ಅಮ್ಮ, ಅಪ್ಪ, ಮಗಳು. ಮೊದಲ ಅರ್ಧದಲ್ಲಿ ಕಥೆ ಅನ್ನುವುದೇ ಇಲ್ಲ. ಹುಡುಗಿ ಏಳುವುದಿಲ್ಲ ಅಂತ ಹಟ ಮಾಡುತ್ತದೆ, ಮೂಗು ಹಿಡಿದುಕೊಂಡು ಹಾಲು ಕುಡಿಯುತ್ತದೆ, ಸಾಕ್ಸ್ ಒಂದು ಸಿಕ್ಕಿ ಇನ್ನೊಂದು ಸಿಗದೆ ಮಂಚದ ಕೆಳಗೆ ತೂರುತ್ತದೆ. ಅಮ್ಮ ಜಡೆ ಹಾಕುತ್ತಾ ಬೈಯುತ್ತಾಳೆ. ನಾನು ಪರದೆ ನೋಡಿದ್ದಕ್ಕಿಂತ ಅಕ್ಕನ ಮುಖ ನೋಡಿದ್ದೇ ಹೆಚ್ಚು. ಅವಳು ನಗುತ್ತಿದ್ದಳು. ಬಾಯಿಗೆ ಸೆರಗು ಹಿಡಿದು, ಭುಜ ಕುಲುಕಿಸಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಗುವುದನ್ನೇ ನಾನು ಮರೆತಿದ್ದೆ.

ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಅಮ್ಮ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾಳೆ. ತಿರುವಿನಲ್ಲಿ ಲಾರಿ ಬರುತ್ತದೆ. ಏನನ್ನೂ ತೋರಿಸಲಿಲ್ಲ, ಹಾರನ್ ಕೇಳಿಸಿ ಪರದೆ ಕಪ್ಪಾಯಿತು, ಅಷ್ಟೆ. ಅಕ್ಕನ ಉಗುರು ನನ್ನ ಅಂಗೈಗೆ ನಾಟಿತು. ದೀಪ ಹತ್ತಿದ್ದೇ ಎದ್ದು, "ಸಾಕು, ನಡಿ" ಅಂದಳು. ನಾನು ಅವಳ ಹಿಂದೆ ಬಂದೆ. ಇನ್ನು ಇವಳು ಮನೆ ಬಿಟ್ಟು ಹೊರಡುವುದಿಲ್ಲ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಭಾವನ ಫೋನ್ ಬಂತು. "ನಿಮ್ಮಕ್ಕ ನಿಮ್ಮನೇಲಿದಾಳೇನಮ್ಮ? ಫೋನ್ ಮಾಡಿದ್ರೆ ತೆಗೀತಿಲ್ಲ." ನಾನು ಗಾಬರಿಯಿಂದ ಆಟೋ ಹಿಡಿದು ಕುರುಬರಹಳ್ಳಿಗೆ ಹೋದರೆ ಅಕ್ಕ ಆಗ ತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಅಂದರೆ, "ಸಿನಿಮಾಗೆ" ಅಂದಳು, ತರಕಾರಿಗೆ ಹೋಗಿದ್ದೆ ಅನ್ನುವ ಹಾಗೆ.

"ಪೂರ್ತಿ ನೋಡಿದ್ಯಾ?"

"ಇಲ್ಲ."

ಅದರ ಮಾರನೇ ದಿನ ನಾನೂ ಜೊತೆಗೆ ಹೋದೆ. ಹುಡುಗಿ ಸಾಕ್ಸ್ ಹುಡುಕುವಾಗ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಕುಕ್ಕರ್ ಹಿಂದೆ ಇದೆ ನೋಡು ಈಗ" ಅಂತ ಪಿಸುಗುಟ್ಟಿದಳು. ಸಾಕ್ಸ್ ಅಲ್ಲೇ ಇತ್ತು. ಅಮ್ಮ ಮಗಳ ಬ್ಯಾಗಿಗೆ ಟಿಫಿನ್ ಡಬ್ಬಿ ಹಾಕಿದಳು. ಅಕ್ಕ ಎದ್ದಳು.

"ಯಾಕೇ, ಇನ್ನೂ ಇಂಟರ್‌ವಲ್ ಆಗಿಲ್ಲ."

"ಈಗ ಹೊರಡ್ತಾರೆ. ಬಾ ಬೇಗ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಮಾಲಿನ ತುಂಬ ದಸರಾ ತೋರಣ, ಮಕ್ಕಳ ಗದ್ದಲ. ಅಕ್ಕ ಬೆವರು ಒರೆಸಿಕೊಂಡಳು. "ಆ ಹುಡುಗಿ ನಮ್ಮ ಪುಟ್ಟಿ ಥರ ಏನೂ ಇಲ್ಲ ಕಣೇ" ಅಂದಳು. "ಮುಖ ಬೇರೆ, ದನಿ ಬೇರೆ. ಆದ್ರೆ ಬೆಳಿಗ್ಗೆ ಎದ್ದು ಸ್ಕೂಲಿಗೆ ರೆಡಿ ಆಗ್ತಾಳಲ್ಲ. ಅಷ್ಟು ಹೊತ್ತು ನಾನು ಅಲ್ಲಿರ್ತೀನಿ. ಹೊರಡೋಕೆ ಮುಂಚೆ ಎದ್ದುಬಿಟ್ರೆ, ಅವಳು ಹೊರಡೋದೇ ಇಲ್ಲ ಅಲ್ವಾ."

ನಾನು ಅಕ್ಕನ ಕೈ ಹಿಡಿದು ಕೂತೆ.

ಭಾವನಿಗೆ ಹೇಳದೆ ಇರಲಾಗಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು, "ನಾಳೆ ನಾನೂ ಬರ್ತೀನಿ" ಅಂದರು. ವರ್ಕ್‌ಶಾಪಿಗೆ ರಜೆ ಹಾಕಿ ಬಂದರು. ಮೂವರೂ ಸಾಲಾಗಿ ಕೂತೆವು, ಅಕ್ಕ ಮಧ್ಯದಲ್ಲಿ. ಹುಡುಗಿ ಮೂಗು ಹಿಡಿದು ಹಾಲು ಕುಡಿದಾಗ ಭಾವ ಹಣೆಗೆ ಕೈ ಕೊಟ್ಟುಕೊಂಡರು. ಟಿಫಿನ್ ಡಬ್ಬಿ ಬಂದಾಗ ಅಕ್ಕ ಎದ್ದಳು. ನಾನೂ ಎದ್ದೆ. ಭಾವ ಏಳಲಿಲ್ಲ.

"ರೀ, ಬನ್ನಿ."

"ನೀವು ಹೋಗಿರಿ. ನಾನು ನೋಡ್ಕೊಂಡು ಬರ್ತೀನಿ."

ಅದೇ ಬೆಂಚಿನ ಮೇಲೆ ನಾವಿಬ್ಬರೂ ಕಾದೆವು. ಅಕ್ಕ ಥಿಯೇಟರ್ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಜನ ಹೊರಬಂದು ಚೆದುರಿದ ಮೇಲೆ ಭಾವ ಕೊನೆಯಲ್ಲಿ ಬಂದರು. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಅಕ್ಕ ಅವರ ಮುಖ ನೋಡಿದವಳೇ ಎದ್ದು ಮುಖ ತೊಳೆಯುವ ನೆಪದಲ್ಲಿ ಆಚೆ ಹೋದಳು. ಭಾವ ನನ್ನ ಪಕ್ಕ ಕೂತರು.

"ಆಮೇಲೆ ಗಂಡ ಬಿಟ್ಟು ಹೋಗ್ತಾನೆ ಕಣಮ್ಮ ಅದ್ರಲ್ಲಿ. 'ನೀನೇ ಕೊಂದೆ' ಅಂತಾನೆ ಹೆಂಡ್ತಿಗೆ. ಅಂದು ಬ್ಯಾಗ್ ತಗೊಂಡು ಹೋಗ್ತಾನೆ." ಕಣ್ಣು ಒರೆಸಿಕೊಂಡು, "ನಾನು ಒಂದು ದಿನಾನೂ ಹಾಗಂದಿಲ್ಲ. ಅಂದಿಲ್ಲ ಅಲ್ವೇನಮ್ಮ?" ಅಂದರು.

"ಇಲ್ಲ ಭಾವ."

"ಅದೊಂದೇ ಅಲ್ಲ. ನಿನ್ನ ತಪ್ಪಲ್ಲ ಅಂತಾನೂ ಅನ್ನಲಿಲ್ಲ. ಏನೂ ಅನ್ನಲೇ ಇಲ್ಲ ನಾನು. ಇವಳು ಏನಂದ್ಕೊಂಡಿರ್ತಾಳೆ ಇಷ್ಟು ವರ್ಷ?"

ಅಕ್ಕ ಬರುತ್ತಿರುವುದು ಕಂಡು ಎದ್ದು ನಿಂತರು. ಮೂವರೂ ಮನೆಗೆ ನಡೆದೆವು.

ಆಮೇಲೂ ಅಕ್ಕ ದಿನಾ ಹೋಗುತ್ತಿದ್ದಳು. ಯಾರೂ ತಡೆಯಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಬಚ್ಚಲಿನ ನಲ್ಲಿ ಬೇಕಾಗಿರಲಿಲ್ಲ. ನಮಗೂ ಅಷ್ಟೇ ಸಾಕಾಗಿತ್ತು. ಶುಕ್ರವಾರ ಬೆಳಿಗ್ಗೆ ಅವಳಿಂದಲೇ ಫೋನ್ ಬಂತು. ಅಕ್ಕ ಅನ್ನುವುದಷ್ಟೇ ಗೊತ್ತಾಯಿತು, ಮಿಕ್ಕದ್ದು ಬರೀ ಬಿಕ್ಕಳಿಕೆ. ನಾನು ಹೋದಾಗ ಮಾಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಸೆಕ್ಯೂರಿಟಿ ಹೆಂಗಸೊಬ್ಬಳು ನೀರಿನ ಬಾಟಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹಬ್ಬಕ್ಕೆ ದೊಡ್ಡ ಸಿನಿಮಾ ಬಂದಿತ್ತು, ಇದನ್ನು ತೆಗೆದಿದ್ದರು. ಟಿಕೆಟ್ ಕೌಂಟರಿನವನು, "ನಿನ್ನೆಗೇ ಲಾಸ್ಟ್ ಆಂಟಿ" ಅಂದಿದ್ದನಂತೆ.

"ಒಂದು ಮಾತು ಹೇಳಿ ತೆಗೀಬಾರದಿತ್ತೇನೇ?" ಅಂತ ಅಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ನಿನ್ನೆ ಬೇಗ ಎದ್ದುಬಿಟ್ಟೆ ಕಣೇ. ಇನ್ನೂ ಡಬ್ಬಿ ತುಂಬ್ತಾ ಇದ್ಲು, ಆಗಲೇ ಎದ್ದುಬಿಟ್ಟೆ. ಲಾಸ್ಟು ಅಂತ ಗೊತ್ತಿದ್ರೆ ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತಿದ್ನಲ್ಲೇ!"

ಮಗುವನ್ನು ಮಣ್ಣು ಮಾಡಿದ ದಿನ ಅಕ್ಕ ಅತ್ತಿರಲಿಲ್ಲ. ಕೈಗೆ ಹಾಕಿದ ಪಟ್ಟಿಯನ್ನೇ ನೋಡುತ್ತಾ ಕೂತಿದ್ದಳು. ಆ ಅಳುವೆಲ್ಲ ಆ ಮೆಟ್ಟಿಲ ಮೇಲೆ ಬಂತು. ಓಡಾಡುವವರು ನಿಂತು ನೋಡಿದರು. ನಾನು ತಬ್ಬಿಕೊಂಡು ಕೂತೆ.

ಮನೆಗೆ ಕರೆತರುವಷ್ಟರಲ್ಲಿ ಭಾವ ಬಂದಿದ್ದರು. ನಾನೇ ಫೋನ್ ಮಾಡಿದ್ದೆ. ಅಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಳು. ಭಾವ ಕುರ್ಚಿ ಬಿಟ್ಟು ಅವಳ ಎದುರಿಗೆ ನೆಲದ ಮೇಲೇ ಕೂತರು.

"ರೀ, ಆಮೇಲೆ ಏನಾಗುತ್ತೆ?" ಅಂದಳು ಅಕ್ಕ.

ಭಾವ ನಿಧಾನವಾಗಿ ಹೇಳುತ್ತಾ ಹೋದರು. ತಾಯಿ ಉಳಿಯುತ್ತಾಳೆ, ಮಗು ಹೋಗುತ್ತದೆ. ಮನೆಗೆ ಬರುತ್ತಾಳೆ. ಹಾಲು ಬೇಡ ಅಂತ ಹಾಲಿನವನಿಗೆ ಹೇಳಲಾರದೆ ದಿನಾ ತೆಗೆದುಕೊಂಡು ಸಿಂಕಿಗೆ ಸುರಿಯುತ್ತಾಳೆ. ಅಕ್ಕ ಎಲ್ಲವನ್ನೂ ಕಣ್ಣು ಮಿಟುಕಿಸದೆ ಕೇಳಿದಳು.

"ಮತ್ತೆ ಕಾರ್ ಓಡಿಸ್ತಾಳಾ ಅವಳು?"

"ಓಡಿಸ್ತಾಳೆ. ಕೊನೇಲಿ."

"ಸುಳ್ಳು" ಅಂದಳು ಅಕ್ಕ. ಆಮೇಲೆ, "ಗಂಡ?"

"ಬಿಟ್ಟು ಹೋಗ್ತಾನೆ."

"ಏನಂದು ಹೋಗ್ತಾನೆ?"

ಭಾವ ನನ್ನ ಕಡೆ ನೋಡಿದರು. ಆಮೇಲೆ ಇದ್ದದ್ದನ್ನೇ ಹೇಳಿದರು. ಅಕ್ಕ ತಲೆ ಅಲ್ಲಾಡಿಸಿದಳು, ಅದೇ ಸರಿ ಅನ್ನುವ ಹಾಗೆ.

"ನಾನೇ ಓಡಿಸ್ತಿದ್ದೆ" ಅಂದಳು. "ನೀವ್ಯಾಕೆ ಹೋಗ್ಲಿಲ್ಲ?"

"ಎಲ್ಲಿಗೆ ಹೋಗ್ಲಿ?" ಅಂದರು ಭಾವ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಪುಟ್ಟಿ ಹೇಗೆ ಹಾಲು ಕುಡೀತಿದ್ಲು, ಹೇಗೆ ಮುನಿಸ್ಕೊಳ್ತಿದ್ಲು, ಅದೆಲ್ಲ ಗೊತ್ತಿರೋಳು ನೀನೊಬ್ಬಳೇ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ನಾನು? ನಿನ್ನ ತಪ್ಪಲ್ಲ ಕಣೇ ಅದು. ರೋಡು ಒದ್ದೆ ಇತ್ತು."

ನಾನು ಕಾಫಿ ಇಡುತ್ತೇನೆ ಅಂತ ಅಡಿಗೆಮನೆಗೆ ಹೋಗಿ, ಸ್ಟವ್ ಹಚ್ಚದೆ ನಿಂತೆ. ಅವರಿಬ್ಬರೂ ಒಟ್ಟಿಗೆ ಅಳುವುದು ಕೇಳಿಸುತ್ತಿತ್ತು. ಪುಟ್ಟಿ ಹೋದಮೇಲೆ ಆ ಮನೆಯಲ್ಲಿ ಅವಳ ಮಾತು ಬಂದದ್ದು ಅವತ್ತೇ ಮೊದಲು.

ಅಕ್ಕ ಗುಣವಾದಳು ಅಂತ ನಾನು ಹೇಳಲಾರೆ. ಅವಳು ಈಗಲೂ ನಡೆದೇ ಓಡಾಡುತ್ತಾಳೆ, ಟ್ಯಾಂಕರ್ ಬಂದರೆ ಈಗಲೂ ಬಚ್ಚಲು ಸೇರುತ್ತಾಳೆ. ಭಾವ ಮನೆಯಲ್ಲಿದ್ದರೆ ಬಾಗಿಲ ಹೊರಗೆ ನಿಂತು, ಅದು ಹೋದಮೇಲೆ, "ಹೋಯ್ತು, ಬಾ" ಅನ್ನುತ್ತಾರೆ. ಮೊದಲು ಹಾಗೆ ಅನ್ನುತ್ತಿರಲಿಲ್ಲ.

ಹಬ್ಬ ಕಳೆದು ಸ್ವಲ್ಪ ಕಾಲಕ್ಕೆ ಆ ಸಿನಿಮಾ ಫೋನಿನಲ್ಲೇ ನೋಡುವ ಹಾಗೆ ಬಂತು. ಹೇಳಲೋ ಬೇಡವೋ ಅಂತ ಯೋಚಿಸಿ ಯೋಚಿಸಿ, ಕೊನೆಗೆ ಅಕ್ಕನಿಗೆ ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಫೋನಲ್ಲಾದ್ರೆ ಬೇಕಾದ ಕಡೆ ನಿಲ್ಲಿಸಬಹುದು, ಅಲ್ವಾ?"

"ಹೂಂ."

"ಎಷ್ಟು ಸಲ ಬೇಕಾದ್ರೂ ಹಿಂದಕ್ಕೆ ಹಾಕ್ಕೋಬಹುದು?"

"ಹೂಂ ಅಕ್ಕ."

ಅಕ್ಕ ತೊಡೆಯ ಮೇಲಿನ ಬಟ್ಟೆಯನ್ನು ಸವರಿದಳು. "ಬೇಡ ಕಣೇ" ಅಂದಳು ಆಮೇಲೆ. "ನೋಡೋಕೆ ಕೂತ್ರೆ ನಾನು ಅಲ್ಲೇ ಇದ್ದುಬಿಡ್ತೀನಿ. ಇಲ್ಲಿ ಇವರೊಬ್ಬರೇ ಆಗ್ಬಿಡ್ತಾರೆ."

ಅಷ್ಟು ಹೇಳಿ, ಭಾವನ ಅಂಗಿಯನ್ನು ಕೊಡವಿ, ತೋಳು ಸರಿಮಾಡಿ, ಮತ್ತೆ ಮಡಿಸಲು ಶುರುಮಾಡಿದಳು.