ಎರಡು ಊರಲ್ಲಿ ಹಾಜರಿದ್ದ ಮಗು

ಬೆಳಿಗ್ಗೆ ಹತ್ತೂವರೆಗೆ ಶಿಡ್ಲಘಟ್ಟದ ನಮ್ಮ ಶಿಶುಮನೆಯಲ್ಲಿ ಕೆಂಪು ಸ್ವೆಟರ್ ಹಾಕಿಕೊಂಡು, ಮರದ ಆನೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಣ್ಣುಮಗು ಮಧ್ಯಾಹ್ನ ಎರಡು ಗಂಟೆಗೆ ಚಿಂತಾಮಣಿಯ ಶಿಶುಮನೆಯಲ್ಲೂ ಕೂತಿತ್ತು. ಅದೇ ಸ್ವೆಟರ್, ತೋಳಿನ ಹತ್ತಿರ ಬಿಚ್ಚಿಹೋದ ಅದೇ ಹೊಲಿಗೆ. ನನ್ನನ್ನು ನೋಡಿದ್ದೇ ತಡ, ಮುಖ ಅರಳಿಸಿಕೊಂಡು ಕೇಳಿತು:

"ಮೇಡಂ, ನೀವೂ ಆಟೋದಾಗೇ ಬಂದ್ರಾ?"

ನಮಗೆ ನೆರವು ಕೊಡುತ್ತಿದ್ದ ಬೆಂಗಳೂರಿನ ಸಂಸ್ಥೆಯ ಅಧಿಕಾರಿ ನನ್ನ ಪಕ್ಕದಲ್ಲೇ ಇದ್ದರು. ಪುಣ್ಯಕ್ಕೆ ಅವರು ಗೋಡೆಯ ಮೇಲಿನ ಮಕ್ಕಳ ಚಿತ್ರಗಳ ಫೋಟೊ ತೆಗೆಯುವುದರಲ್ಲಿ ಮುಳುಗಿದ್ದರು. ಚಿಂತಾಮಣಿಯ ಶಿಕ್ಷಕಿ ನೆಲ ನೋಡುತ್ತಿದ್ದಳು. ಕೋಣೆಯಲ್ಲಿ ಇಪ್ಪತ್ತು ಮಕ್ಕಳಿದ್ದವು. ಈಗ ಒಂದೊಂದೇ ಮುಖ ದಿಟ್ಟಿಸಿ ನೋಡಿದೆ. ಬೆಳಿಗ್ಗೆ ಕಂಡವೇ ಇನ್ನೂ ಐದಾರು ಇದ್ದವು. ಉಳಿದವಕ್ಕೆ ನಮ್ಮ ತಟ್ಟೆ ಎಲ್ಲಿದೆ, ಚಾಪೆ ಎಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ನಾವು ಅಂಬಾಜಿದುರ್ಗದ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಊಟ ಮಾಡುತ್ತಿದ್ದ ಹೊತ್ತಿನಲ್ಲಿ ಬೆಳಗಿನ ಆ ಮಕ್ಕಳು ಆಟೋದಲ್ಲಿ ನಮ್ಮನ್ನು ದಾಟಿ ಹೋಗಿದ್ದವು.

ನಾನು ಏನು ಮಾಡಿದೆ? ಆ ಅಧಿಕಾರಿಗೆ ಟೀ ತರಿಸಿದೆ. ಸತ್ಯ ಹೇಳಲಿಲ್ಲ. ನಗುನಗುತ್ತ ಕಾರು ಹತ್ತಿಸಿ ಕಳಿಸಿ, ಬಾಗಿಲಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಐವತ್ತು ದಾಟಿದ ಹೆಂಗಸು, ಒಂದು ಸಂಸ್ಥೆಯ ಮುಖ್ಯಸ್ಥೆ, ಬೀದಿಯವರು ನೋಡುವ ಹಾಗೆ ಅತ್ತೆ.

ನಮ್ಮ ಸಂಸ್ಥೆ ದೊಡ್ಡದೇನಲ್ಲ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರ ಮಕ್ಕಳಿಗಾಗಿ ಆರು ಶಿಶುಮನೆಗಳು, ಅಷ್ಟೆ. ತಾಯಂದಿರು ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿಕೊಂಡಿರುತ್ತಿದ್ದರು. ಮಕ್ಕಳು ಆ ಕುದಿಯುವ ಬಾಣಲೆಗಳ ನಡುವೆಯೇ ಅಂಬೆಗಾಲಿಡುತ್ತಿದ್ದವು. ಅದನ್ನು ನೋಡಲಾರದೆ ಒಬ್ಬ ನಿವೃತ್ತ ಶಾಲಾ ಮೇಡಂ ತಮ್ಮ ಮನೆಯ ಪಡಸಾಲೆಯಲ್ಲಿ ಇದನ್ನು ಶುರು ಮಾಡಿದ್ದರು. ನಾವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ನಾನು ತೊಂಡೇಬಾವಿಯವಳು, ಮುಸುಕಿನ ಜೋಳ ಕಂಡವಳೇ ಹೊರತು ರೇಷ್ಮೆ ಹುಳ ಕಂಡವಳಲ್ಲ. ಆದರೂ ದೊಡ್ಡಮ್ಮ ನಂಬಿ ಕೊಟ್ಟಿದ್ದರು.

ದೊಡ್ಡಮ್ಮನದೊಂದು ಪದ್ಧತಿಯಿತ್ತು. ಪ್ರತಿ ಸೋಮವಾರ ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ, ಶಿಡ್ಲಘಟ್ಟದ ಶಿಶುಮನೆಯಲ್ಲಿ ಎಲ್ಲರೂ ಸುತ್ತಲೂ ಕೂರಬೇಕು. ಮೊದಲು ಅಡುಗೆಯಾಕೆ ಮಾತಾಡಬೇಕು. ಆಮೇಲೆ ಆಯಾಗಳು, ಆಮೇಲೆ ಶಿಕ್ಷಕಿಯರು. ದೊಡ್ಡಮ್ಮನ ಮಾತು ಕಟ್ಟಕಡೆಗೆ. ಒಂದೊಂದು ಸಲ ಅವರು ಮಾತನ್ನೇ ಆಡದೆ ಎದ್ದುಬಿಡುತ್ತಿದ್ದರು. "ಅಕ್ಕಿಗೆ ಎಷ್ಟು ನೀರಿಡ್ಬೇಕು ಅಂತ ಅಡುಗೆಯವ್ಳಿಗಿಂತ ಮೊದ್ಲು ಯಾರಿಗಮ್ಮ ಗೊತ್ತಾಗುತ್ತೆ?" ಅನ್ನುತ್ತಿದ್ದರು. ಎಷ್ಟು ಮಕ್ಕಳು ಬಂದವು, ಯಾವುದು ಉಣ್ಣಲಿಲ್ಲ, ಯಾವುದರ ಮನೆಯಲ್ಲಿ ಏನು ರಾಮಾಯಣ, ಎಲ್ಲವೂ ಅನ್ನದ ಪಾತ್ರೆಯ ದಾರಿಯಲ್ಲೇ ಅವರಿಗೆ ತಿಳಿಯುತ್ತಿತ್ತು.

ನಾನು ಜವಾಬ್ದಾರಿ ಹೊತ್ತು ಎರಡು ವರ್ಷದೊಳಗೆ ಕಾಲ ತಿರುಗಿಬಿಟ್ಟಿತು. ನೂಲು ಬಿಚ್ಚುವುದಕ್ಕೆ ದೊಡ್ಡ ದೊಡ್ಡ ಯಂತ್ರಗಳು ಬಂದವು. ಹಳೆಯ ಚರಕಗಳ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೆಂಗಸರು ಹೊಲಿಗೆ ಕಾರ್ಖಾನೆಗಳಿಗೆ ಹೋಗತೊಡಗಿದರು. ಗೌರಿಬಿದನೂರಿನ ಕಡೆಯಿಂದ ಅವರನ್ನು ಕರೆದೊಯ್ಯಲು ವ್ಯಾನುಗಳು ಬರುತ್ತಿದ್ದವು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಶಿಶುಮನೆ ಮುಚ್ಚುತ್ತಾರಂತೆ. ಹದಿನಾಲ್ಕು ಜನ ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಆ ನೋಟ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಸೋಮವಾರ ಬಂದರೆ ಸಾಕು, ಎಲ್ಲರೂ ಕೂತ ತಕ್ಷಣ ನಾನೇ ಮೊದಲು ಶುರು ಮಾಡುತ್ತಿದ್ದೆ: "ಯಾರೂ ಹೆದರ್ಬೇಡಿ. ಒಂದು ಮನೇನೂ ಮುಚ್ಚೋಕೆ ಬಿಡಲ್ಲ. ನಾನಿದ್ದೀನಿ."

ಚೆನ್ನಾಗಿಯೇ ಮಾತಾಡುತ್ತಿದ್ದೆ ಅಂತ ಕಾಣುತ್ತದೆ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ನಡುವೆ ಬೆಂಗಳೂರಿನ ಹೋಟೆಲೊಂದರಲ್ಲಿ ಬದಲಾವಣೆಯ ಕಾಲದ ನಾಯಕತ್ವ ಅಂತ ಮೂರು ದಿನದ ಶಿಬಿರಕ್ಕೂ ಹೋಗಿಬಂದೆ. ಅಲ್ಲಿ ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕಚೇರಿಯಲ್ಲಿ ನೇತುಹಾಕಿದ್ದೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಧಿಕಾರಿ ಹೋದ ಆ ಸಂಜೆ ಶಿಡ್ಲಘಟ್ಟಕ್ಕೆ ವಾಪಸ್ ಬಂದವಳೇ ಅಡುಗೆಯಕ್ಕನ ಮೇಲೆ ಹರಿಹಾಯ್ದೆ. ದೊಡ್ಡಮ್ಮ ಶುರು ಮಾಡಿದ ದಿನದಿಂದ ಇದ್ದವಳು ಅವಳೊಬ್ಬಳೇ. ಆಟೋ ಅವಳ ಅಳಿಯನದು.

"ಮಕ್ಕಳನ್ನ ಬಾಡಿಗೆಗೆ ತಂದ್ರೇನಕ್ಕ? ದೊಡ್ಡಮ್ಮ ಕಟ್ಟಿದ ಮನೇಲಿ ಇಂಥ ಮೋಸಾನಾ?"

ಅವಳು ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಲಿಲ್ಲ. "ಆರು ತಿಂಗಳಿಂದ ಎಲ್ಲಾ ಮನೇಲೂ ಮೂರೋ ನಾಲ್ಕೋ ಮಕ್ಳು ಬರೋದು ಮೇಡಂ. ಹಾಜರಿ ಪುಸ್ತಕದಾಗೆ ಇಪ್ಪತ್ತು ಬರಿಯೋದು. ನೀವು ಕಚೇರೀಲಿ ಕೂತು ಅದನ್ನೇ ನೋಡೋದು."

"ನನಗೆ ಹೇಳ್ಬೇಕು ಅಂತ ಒಬ್ರಿಗೂ ಅನ್ನಿಸ್ಲಿಲ್ವಾ?"

ಆಗ ತಲೆ ಎತ್ತಿದಳು. "ಯಾವಾಗ ಹೇಳೋದು? ಸೋಮವಾರ ನಾವು ಬಾಯಿ ತೆಗೆಯೋಕೆ ಮುಂಚೇನೇ ನೀವು ಧೈರ್ಯ ಹೇಳ್ಬಿಡ್ತಿದ್ರಿ. ಅಷ್ಟು ಧೈರ್ಯ ಹೇಳ್ದೋರ ಮುಂದೆ, ಮಕ್ಳೇ ಬರ್ತಿಲ್ಲ ಅಂತ ಹೆಂಗ್ ಹೇಳೋದು? ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ದಂಗೆ ಮಾಡಿದ್ರಿ ಮೇಡಂ ನೀವು."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಅಲ್ಲಾಡದೆ ಕೂರುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ಅದು ಏನೂ ತಿನ್ನುವುದಿಲ್ಲ, ಅದನ್ನು ಮುಟ್ಟಲೂ ಬಾರದು. ಹೊಸದಾಗಿ ಸಾಕುವವರು ಪಾಪ ಹಸಿದಿದೆಯೇನೋ ಅಂತ ಸೊಪ್ಪು ಹಾಕಿಬಿಡುತ್ತಾರೆ. ಹುಳಗಳು ಸೊಪ್ಪಿನಡಿ ಮುಚ್ಚಿಹೋಗುತ್ತವೆ, ಕೆಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಬೆಳೆ ಕೆಟ್ಟ ಮೇಲೆಯೇ ಗೊತ್ತಾಗುವುದು.

"ಮಕ್ಕಳು ಎಲ್ಲಿದ್ದಾವಕ್ಕ ಹಂಗಾದ್ರೆ?" ಅಂದೆ.

"ನಾಳೆ ಆ ಕೆಂಪು ಸ್ವೆಟರಿನವ್ಳ ಮನೆಗೆ ಹೋಗ್ಬನ್ನಿ" ಅಂತ ಬೀದಿಯ ಗುರುತು ಹೇಳಿದಳು.

ಮರುದಿನ ಹತ್ತು ಗಂಟೆಗೆ ಹೋದೆ. ನಮ್ಮ ಶಿಶುಮನೆಯಿಂದ ಮೂರನೇ ಬೀದಿ. ಒಂದೇ ಕೋಣೆಯ ಬಾಡಿಗೆ ಮನೆ, ಬಾಗಿಲಿಗೆ ಹೊರಗಿನಿಂದ ಬೀಗ. ಯಾರೂ ಇಲ್ಲ ಅಂತ ತಿರುಗಿದೆ. ಕಿಟಕಿಯ ಸರಳಿನ ಹಿಂದೆ ಏನೋ ಕೆಂಪಗೆ ಕಂಡಿತು.

ಮಗು ಕಿಟಕಿಯ ಕಟ್ಟೆ ಹತ್ತಿ ಕೂತಿತ್ತು. ಅದರ ಹಿಂದೆ ಹತ್ತು ವರ್ಷದ ಅಕ್ಕ, ತಂಗಿ ಬೀಳದ ಹಾಗೆ ಸೊಂಟ ಹಿಡಿದುಕೊಂಡು ನಿಂತಿದ್ದಳು. ಬೀಗದ ಕೈ ಎಲ್ಲಮ್ಮ ಅಂದೆ. "ಅಮ್ಮನ ಹತ್ರ ಐತೆ. ನಿನ್ನೆ ಆಟೋದೋರಿಗೆ ಕೊಟ್ಟೋಗಿದ್ಲು, ಇವತ್ತಿಲ್ಲ. ಗಾರ್ಮೆಂಟ್ಸಿಗೆ ಹೋಗೌಳೆ. ಸಾಯಂಕಾಲ ಆರೂವರೆಗೆ ಬರ್ತಾಳೆ" ಅಂದಳು ಅಕ್ಕ. ಅಮ್ಮ ಎಷ್ಟು ಹೊತ್ತಿಗೆ ಹೋಗ್ತಾಳೆ? "ಆರಕ್ಕೆ ವ್ಯಾನು." ಶಾಲೆಗೆ ನೀನು? "ಬಿಡ್ಸವ್ರೆ. ಇವ್ಳನ್ನ ನೋಡ್ಕೋಬೇಕಲ್ಲ."

ಆರಕ್ಕೆ ವ್ಯಾನು. ನಮ್ಮ ಶಿಶುಮನೆಯ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಮೂಲೆ ಅಂಗಡಿಯವನಿಗೆ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು, ನಮ್ಮ ಆಯಾಗಳಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಚಿಕ್ಕದು ಸರಳಿನ ನಡುವಿನಿಂದ ಕೈ ಹೊರಗೆ ಹಾಕಿ ನನ್ನ ಸೆರಗು ಹಿಡಿಯಿತು. "ಇವತ್ತೂ ಆಟೋ ಬಂದೈತಾ ಮೇಡಂ? ಇವತ್ತೂ ಕರ್ಕೊಂಡ್ ಹೋಗ್ತೀರಾ?"

ನಮ್ಮ ಮೋಸದ ದಿನ ಅದಕ್ಕೆ ಹಬ್ಬದ ದಿನವಾಗಿತ್ತು. ಸರಳು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಬೀಗ ಒಡೆಯುವ ಧೈರ್ಯ ಬರಲಿಲ್ಲ. ಬಾಳೆಹಣ್ಣು ತಂದುಕೊಟ್ಟು, ಕಳ್ಳಿಯ ಹಾಗೆ ಬೀದಿ ದಾಟಿ ಬಂದೆ. ಸತ್ತಾದರೂ ಹೋಗಬಾರದೇ ಅನ್ನಿಸಿದ್ದು ನನ್ನ ಬದುಕಿನಲ್ಲಿ ಆವತ್ತೊಂದೇ ದಿನ.

ಮುಂದಿನ ಸೋಮವಾರ ನಾನು ಬಾಯಿ ಬಿಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತ ಕೂತರು. ಏನಾದರೂ ಧೈರ್ಯದ ಮಾತು ಹೇಳಿಬಿಡಬೇಕು ಅಂತ ನಾಲಗೆ ತುಡಿಯುತ್ತಿತ್ತು. ಕಡೆಗೆ ಅಡುಗೆಯಕ್ಕನೇ ಗಂಟಲು ಸರಿಮಾಡಿಕೊಂಡಳು. ದಿನಾ ಅರ್ಧ ಸೇರು ಅಕ್ಕಿ ಸಾಕಾಗುತ್ತಿದೆ ಅಂದಳು. ಅಷ್ಟೇ ಸಾಕಾಯಿತು. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಬಾಣಲೆಗೆ ಬಿದ್ದು ಸುಟ್ಟುಕೊಳ್ಳುತ್ತಿದ್ದ ಮಕ್ಕಳು ಈಗ ಬೀಗದ ಹಿಂದೆ ಇವೆ. ಐದೂವರೆಗೆ ಬಾಗಿಲು ತೆರೆದರೆ ಬರುತ್ತವೆ. ಆದರೆ ಆ ಹೊತ್ತಿಗೆ ಕೆಲಸಕ್ಕೆ ಬರಲು ಎಲ್ಲ ಆಯಾ, ಶಿಕ್ಷಕಿಯರಿಗೂ ಆಗುವುದಿಲ್ಲ, ಅವರಿಗೂ ಮನೆ ಮಕ್ಕಳಿವೆ. ಆರು ಮನೆ ನಡೆಸಲು ಆಗುವುದಿಲ್ಲ, ಒಂದೇ ಆಗಬಹುದು. ಚಿಂತಾಮಣಿಯ ಶಿಕ್ಷಕಿ ತಾನಾಗಿಯೇ ಹೇಳಿದಳು: "ನಮ್ದು ಮುಚ್ಬಿಡಿ ಮೇಡಂ. ಅಲ್ಲಿ ನಾನೂ ಗೋಡೇನೂ, ಇಬ್ರೇ."

ಬೆಂಗಳೂರಿಗೆ ಇದ್ದದ್ದನ್ನು ಇದ್ದ ಹಾಗೆ ಪತ್ರ ಬರೆದೆ. ಆಟೋ ವಿಷಯವನ್ನೂ ಬರೆದೆ. ಹಾಜರಿ ಪುಸ್ತಕದ ತಪ್ಪು ಯಾರದೂ ಅಲ್ಲ, ನನ್ನದು ಅಂತಲೂ ಬರೆದೆ. ಆ ಅಧಿಕಾರಿ ಫೋನ್ ಮಾಡಿದರು. ಮಗುವಿನ ಮಾತು ತಮಗೂ ಕೇಳಿಸಿತ್ತು ಅಂದರು. ನಾನು ಹೇಳುತ್ತೇನೇನೋ ಅಂತ ಕಾರು ಹತ್ತುವವರೆಗೂ ಕಾದಿದ್ದರಂತೆ. ಆವತ್ತೇ ಹೇಳಿದ್ದರೆ ನಿಮ್ಮ ಪರವಾಗಿ ಮಾತಾಡುತ್ತಿದ್ದೆ, ಈಗ ನನ್ನ ಕೈಲಿಲ್ಲ ಅಂದರು. ನೆರವು ನಿಂತಿತು. ಐದು ಶಿಶುಮನೆ ಮುಚ್ಚಿದೆವು. ಒಂಬತ್ತು ಜನ ಹೆಂಗಸರು ನನ್ನ ಕೈ ಹಿಡಿದು ಹೋದರು, ಇಬ್ಬರು ಹಿಡಿಯದೇ ಹೋದರು. ಹಿಡಿಯದೇ ಹೋದವರನ್ನು ನಾನು ದೂರುವುದಿಲ್ಲ.

ಉಳಿದದ್ದು ಶಿಡ್ಲಘಟ್ಟದ ಮನೆಯೊಂದೇ. ಅಡುಗೆಯಕ್ಕ, ಒಬ್ಬ ಆಯಾ, ಚಿಂತಾಮಣಿಯ ಶಿಕ್ಷಕಿ, ನಾನು. ಊರಿನ ಕೆಲವರು ದವಸ ಕೊಡಲು ಒಪ್ಪಿದರು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದು ವ್ಯಾನು ನಿಲ್ಲುವ ಕಡೆ ಹೋಗಿ ನಿಂತೆ. ಮೊದಲ ದಿನ ಒಬ್ಬರೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಕೆಂಪು ಸ್ವೆಟರಿನವಳ ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಳು. ಬಂದವಳು ಚಿಕ್ಕದರ ಕೈ ಬಿಡಲಿಲ್ಲ.

"ಇದು ಎಷ್ಟು ದಿನ ಇರುತ್ತೆ ಮೇಡಂ? ಇದ್ರೆ ದೊಡ್ಡೋಳ್ನ ಸ್ಕೂಲಿಗೆ ಕಳಿಸ್ತೀನಿ."

ನಾಲಗೆಯ ತುದಿಯಲ್ಲಿ ಹಳೆಯ ಮಾತು ಸಿದ್ಧವಾಗಿತ್ತು. ಹೆದರಬೇಡಮ್ಮ, ನಾನಿದ್ದೀನಿ, ಮುಚ್ಚೋದಿಲ್ಲ. ಅದೊಂದು ಮಾತು ಹೇಳಿಬಿಟ್ಟರೆ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ದೊಡ್ಡವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲಮ್ಮ" ಅಂದೆ. "ಈ ತಿಂಗಳಂತೂ ಇರುತ್ತೆ. ಆಮೇಲೆ ಗೊತ್ತಿಲ್ಲ."

ತಾಯಿ ದೊಡ್ಡವಳ ಕಡೆ ನೋಡಿದಳು. "ಹಂಗಾದ್ರೆ ದೊಡ್ಡೋಳೂ ಇಲ್ಲೇ ಇರ್ಲಿ ಬಿಡಿ. ಸ್ಕೂಲಿಗೆ ಸೇರ್ಸೋದು, ತಿಂಗ್ಳಿಗೆ ಮತ್ತೆ ಬಿಡ್ಸೋದು, ಅದ್ಯಾಕೆ ಮೇಡಂ? ಮಗೂಗೆ ಆಸೆ ತೋರ್ಸಿ ಕಿತ್ಕೊಂಡಂಗೆ ಆಗುತ್ತೆ."

"ಒಂದು ತಿಂಗಳಾದ್ರೂ ಹೋಗ್ಲಿ. ನಾನೇ ಕರ್ಕೊಂಡು ಹೋಗ್ತೀನಿ."

ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದ. "ನಿಮ್ಮಿಷ್ಟ" ಅಂತ ಚಿಕ್ಕದರ ಕೈಯನ್ನು ನನ್ನ ಕೈಗಿಟ್ಟು ಓಡಿದಳು. ವ್ಯಾನಿನ ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಒಂಬತ್ತೂವರೆಗೆ ಚಿಕ್ಕವಳನ್ನು ಅಡುಗೆಯಕ್ಕನ ಹತ್ತಿರ ಬಿಟ್ಟು, ದೊಡ್ಡವಳ ಜೊತೆ ಶಾಲೆಯ ಗೇಟಿನವರೆಗೆ ನಡೆದೆ. ಗೇಟಿನೊಳಗೆ ಹೋದವಳು ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬಂದಳು.

"ಶಿಶುಮನೆ ನಾಳೇನೂ ಇರುತ್ತಾ ಮೇಡಂ?"

"ನಾಳೆ ಇರುತ್ತೆ, ಬಾ" ಅಂದೆ. ನಾಳೆಯ ಮಟ್ಟಿಗೆ ನನಗೆ ಗೊತ್ತಿತ್ತು.