ಗುಂಡವ್ವನ ತಕರಾರು

ಪಂಚಾಯತಿ ಚುನಾವಣೆಯ ಫಲಿತಾಂಶ ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಕೋರ್ಟಿಗೆ ಹೋಗಬೇಕು. ಇದು ನಿಮಗೆ ಗೊತ್ತಿರಬಹುದು. ಝಳಕಿ ಕಡೆಯ ಹಳ್ಳಿಯ ಗುಂಡವ್ವನಿಗೆ ಗೊತ್ತಿರಲಿಲ್ಲ, ಹೇಳಬೇಕಾದವರು ಹೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಗುಂಡವ್ವ ನಿಂಬೆ ತೋಟದ ಕೂಲಿಯಲ್ಲಿ ಬದುಕಿದವಳು. ಹಿಂದಿನ ಸಲ ತನ್ನ ಓಣಿಯಿಂದ ಪಂಚಾಯತಿಗೆ ನಿಂತಳು, ಮೂರು ಮತಗಳಿಂದ ಸೋತಳು. ಅವಳ ಚಿಹ್ನೆಗೆ ಬಿದ್ದ ಒಂಬತ್ತು ಮತಗಳನ್ನು ಎಣಿಕೆಯವರು ತಿರಸ್ಕರಿಸಿದ್ದರು. ಒತ್ತಿದ ಶಿಕ್ಕಾದ ಮಸಿ ಆರುವ ಮೊದಲೇ ಮತದಾರರು ಚೀಟಿ ಮಡಚಿದ್ದರಿಂದ ಎದುರಿನ ಚಿಹ್ನೆಗೂ ಕಲೆ ಹತ್ತಿತ್ತು.

"ಶಿಕ್ಕಾ ಒಂದಽ ಐತ್ರಿ. ಕಲೀ ನೋಡಿ ಒಗೀಬ್ಯಾಡ್ರಿ" ಎಂದು ಅಂಗಲಾಚಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಫಲಿತಾಂಶ ಬಂದ ಹನ್ನೆರಡನೆಯ ದಿನ ಅವಳು ನಿವೃತ್ತ ಇಂಗ್ಲಿಷ್ ಮಾಸ್ತರ ಧೀರೇಂದ್ರರಾಯರ ಮನೆಗೆ ಹೋದಳು.

"ಎಲೆಕ್ಷನ್ ತಕರಾರಿನ್ಯಾಗ ಐತಿ ಅಂತ ಒಂದ ಅರ್ಜಿ ಬರದ ಕೊಡ್ರಿ, ಸರ್."

"ಕನ್ನಡದಾಗ ಬರದ್ರ ಯಾರೂ ಮೂಸಿ ನೋಡಂಗಿಲ್ಲ, ಗುಂಡವ್ವ. ಇಂಗ್ಲಿಷಿನ್ಯಾಗ ಬರೀತೀನಿ. ಸಾಹೇಬ ಕುರ್ಚಿ ಬಿಟ್ಟು ಏಳಬೇಕು."

ಇದು ‘ಕಂಟೆಸ್ಟೆಡ್ ಎಲೆಕ್ಷನ್’ ಎಂದು ಬರೆದರು. ಒಂಬತ್ತು ಚೀಟಿಗಳ ಸುದ್ದಿ ಬರೆಯಲಿಲ್ಲ, ಆ ಪದದಲ್ಲೇ ಎಲ್ಲ ಬಂತೆಂದುಕೊಂಡರು. ಅವರು ಓದುವ ಇಂಗ್ಲಿಷ್ ಪತ್ರಿಕೆಯಲ್ಲಿ, ಪರದೇಶದಲ್ಲಿ ಸೋತವನು ಸೋಲೊಪ್ಪದಿದ್ದರೆ ಹಾಗೇ ಅನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಅದೇ ಪದಕ್ಕೆ, ಅವಿರೋಧವಾಗದೆ ಇಬ್ಬರು ಮೂವರು ನಿಂತು ನಡೆದ ಚುನಾವಣೆ ಎಂದರ್ಥ. ಗುಂಡವ್ವ ತಿಳಿಯದ ಹಾಳೆಗೆ ಸಹಿ ಮಾಡಿ, ತಾಲೂಕು ಊರಾದ ಇಂಡಿಯ ಕಚೇರಿಯೊಂದಕ್ಕೆ ಕೊಟ್ಟು ಬಂದು ಕಾದಳು.

ಮೂವತ್ತನಾಲ್ಕನೆಯ ದಿನ ಮನಸ್ಸು ತಡೆಯದೆ ತಾನೇ ಹೋದಳು. ಗುಮಾಸ್ತ ಹಾಳೆ ತಿರುವಿದ.

"ಸ್ಪರ್ಧಾ ಆಗೈತಿ ಅಂತ ನೀವಽ ಬರದೀರಿ. ಹೌದು, ಆಗೈತಿ. ಮತ್ತೇನ್ ಬೇಕು? ಫೈಲ್ ಮುಚ್ಚೇವಿ."

"ತಕರಾರ ಐತ್ರಿ ಅದು."

"ತಕರಾರ ಇದ್ರ ಕೋರ್ಟಿಗೆ ಹೋಗೂದಿತ್ತು. ಈಗ ದಿನಾನೂ ಮುಗದಾವ."

ಊರಿಗೆ ಬಂದವಳೇ ಮಾಸ್ತರರಿಗೆ ಅದನ್ನೇ ಹೇಳಿದಳು. ಅವರು ಚಾಳೀಸು ತೆಗೆದು ಒರೆಸುತ್ತ, "ಆ ಶಬ್ದಕ್ಕ ಎರಡು ಅರ್ಥ ಅವ, ಗುಂಡವ್ವ" ಎಂದರು.

"ನಾ ಹೇಳಿದ್ದು ಒಂದಽ ಇತ್ತಲ್ರಿ, ಸರ್."

ಅಂದಿನಿಂದ ಅವರು ಅವಳನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾರೆ.

ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಚುನಾವಣೆಯಲ್ಲಿ ಗೆದ್ದವಳ ಮೈದುನನದು. ಅದು ಗುಂಡವ್ವನ ಮುಂದೆ ನಿಲ್ಲುವುದನ್ನು ಬಿಟ್ಟಿತು. ಒಂದು ಮುಂಜಾನೆ ಸೊಸೆಯ ವರಸೆಯ ಸೌಂದರ್ಯಾ ತಲೆ ತಗ್ಗಿಸಿ, "ಅತ್ತೀ, ಒಂದೀಟ ದೂರ ನಿಂದ್ರು. ನಿನ್ನ ಬಾಜೂಕ ನಿಂತ್ರ ನನಗೂ ಗಾಡಿ ನಿಲ್ಲಂಗಿಲ್ಲ" ಎಂದಳು. ಗುಂಡವ್ವ ದೂರ ಸರಿದಳು. ಈಗ ನಾಲ್ಕು ಮೈಲಿ ನಡೆದು ಹೋಗುತ್ತಾಳೆ. ತೋಟದ ತುದಿಯ ಸಾಲಿನಲ್ಲಿ ಒಬ್ಬಳೇ ಹಣ್ಣು ಹರಿಯುತ್ತಾಳೆ, ಒಬ್ಬಳೇ ಬುತ್ತಿ ಬಿಚ್ಚುತ್ತಾಳೆ. ಊರಲ್ಲಿ ಅವಳನ್ನು ‘ತಕರಾರವ್ವ’ ಅನ್ನುತ್ತಾರೆ. ಅರ್ಜಿಗೆ ಬಾರದ ಪದ ಅವಳ ಹೆಸರಿಗೆ ಹತ್ತಿತು.

ಮತ್ತೆ ಪಂಚಾಯತಿ ಚುನಾವಣೆಯ ಮಾತು ಎದ್ದಿದೆ. ನಿಲ್ಲುತ್ತೀಯಾ ಎಂದು ಅವಳನ್ನು ಯಾರೂ ಕೇಳಿಲ್ಲ.

ಓದುವವರೇ, ನಿಮಗೆ ಪೆನ್ನು ಹಿಡಿಯಲು ಬರುತ್ತದೆ. ಇಂಥವರು ನಿಮ್ಮ ಬಾಗಿಲಿಗೆ ಬಂದರೆ ನಿಮ್ಮ ಜಾಣತನ ಬದಿಗಿಡಿ. ಅವರು ಆಡಿದ ಮಾತನ್ನೇ ಕನ್ನಡದಲ್ಲಿ ಬರೆಯಿರಿ. ಯಾವ ಕದ ತಟ್ಟಬೇಕು, ಎಷ್ಟು ದಿನ ಉಳಿದಿವೆ ಎಂದು ಕೇಳಿ ತಿಳಿದು ಹೇಳಿ. ಬರೆದದ್ದನ್ನು ಅವರಿಗೆ ಓದಿ ಕೇಳಿಸಿ, ಆಮೇಲೆ ಸಹಿ ಕೇಳಿ.